ದಂತಪಾಚಿಗೆ ಮಾತ್ರೆ ಮದ್ದಲ್ಲ

ಹಲ್ಲುನೋವು ಬಂದೊಡನೆ ವೈದ್ಯರ ಚೀಟಿಯಿಲ್ಲದೆ ನಾಲ್ಕು ಆಂಟಿಬಯೋಟಿಕ್ ಮಾತ್ರೆ ತಂದು ನುಂಗುವುದು, ನೋವು ತಗ್ಗಿದೊಡನೆ ಉಳಿದುದನ್ನು ಡಬ್ಬಿಯಲ್ಲಿಡುವುದು ನಮ್ಮ ಹುಡಗಿ, ಹುಮನಾಬಾದ, ಬಸವಕಲ್ಯಾಣ ಪರಿಸರದ ಮನೆಗಳಿಗೆ ಹೊಸತಲ್ಲ. ಈ ರೂಢಿ ನಿಲ್ಲಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹಲ್ಲಿನ ಮೇಲಿನ ರೋಗಾಣುಗಳು ಬಿಡಿಬಿಡಿಯಾಗಿ ಬದುಕುವುದಿಲ್ಲ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಅಣುಜೀವಿಯು ನಾವು ತಿಂದ ಸಕ್ಕರೆಯಿಂದಲೇ ಅಂಟನ್ನು ತಯಾರಿಸುತ್ತದೆ. ಅದರೊಳಗೆ ಹಲವು ಬಗೆಯ ಅಣುಜೀವಿಗಳು ಪದರಪದರವಾಗಿ ನೆಲೆಸುತ್ತವೆ. ಬಾವಿಯ ಮೆಟ್ಟಿಲಿಗೆ ಹತ್ತಿದ ಪಾಚಿಯಂತಿರುವ ಇದನ್ನೇ ವಿಜ್ಞಾನಿಗಳು ಬಯೋಫಿಲ್ಮ್ ಎನ್ನುವರು. ಮದ್ದು ಒಳಪದರಕ್ಕೆ ಸುಲಭವಾಗಿ ಇಳಿಯದು. ಇಳಿದರೂ ಅಲ್ಲಿ ನಿಧಾನವಾಗಿ ಬೆಳೆಯುವ ಅಣುಜೀವಿಗಳ ಮೇಲೆ ಅದರ ಪ್ರಭಾವ ಕಡಿಮೆ. ಔಷಧವನ್ನು ಎದುರಿಸುವ ಗುಣವನ್ನೂ ಅವು ಪರಸ್ಪರ ಹಂಚಿಕೊಳ್ಳಬಲ್ಲವು. ಹಾಲೆಂಡಿನ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದನು. ವಿನಿಗರ್ ಹೊರಪದರದ ಜೀವಿಗಳನ್ನಷ್ಟೇ ಕೊಲ್ಲುತ್ತದೆ ಎಂಬುದನ್ನೂ ಅವನೇ ಗಮನಿಸಿದ್ದನು.

ಮಾತ್ರೆಯಿಂದ ಹುಳುಕು ಮುಚ್ಚದು, ಕೀವಿನ ಮೂಲ ಅಳಿಯದು. ಬದಲಿಗೆ, ಮದ್ದಿಗೆ ಬಗ್ಗದ ರೋಗಾಣುಗಳು ಉಳಿದು ಬೆಳೆಯುತ್ತವೆ. ಮುಂದೆ ನ್ಯುಮೋನಿಯಾದಂತಹ ಕಾಯಿಲೆ ಬಂದಾಗ ಅದೇ ಔಷಧ ಕೈಕೊಡಬಹುದು. ಅಮಾಕ್ಸಿಸಿಲಿನ್‌ನಂತಹ ಔಷಧಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕಾನೂನು ಹೇಳುವುದು ಸುಮ್ಮನಲ್ಲ.

ಪಾಚಿಗೆ ನಿಜವಾದ ಮದ್ದು ಉಜ್ಜುವಿಕೆ. ಬೆಳಿಗ್ಗೆ ಮತ್ತು ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ, ಮೆತ್ತನೆಯ ಬ್ರಷ್ಷಿನಿಂದ ಎರಡು ನಿಮಿಷ ಉಜ್ಜಬೇಕು. ಉಳಿದ ಪಾಚಿ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಕಿಟ್ಟವಾಗುತ್ತದೆ; ಅದನ್ನು ದಂತವೈದ್ಯರೇ ತೆಗೆಯಬೇಕು. ಹಾಗೆ ತೆಗೆಸಿದರೆ ಹಲ್ಲು ಸಡಿಲಾಗುತ್ತದೆ ಎಂಬ ಮಾತು ಸುಳ್ಳು. ಸಡಿಲಾಗುವುದು ಕಿಟ್ಟವನ್ನು ಬಿಟ್ಟು ವಸಡು ಕೆಟ್ಟಾಗ. ತಂಬಾಕನ್ನು ಹುರಿದು ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ತಾಯಂದಿರು ಅದನ್ನು ಇಂದೇ ಬಿಡಬೇಕು. ಅದು ವಸಡನ್ನು ಕೆಡಿಸುವುದಲ್ಲದೆ ಬಾಯಿಯ ಕ್ಯಾನ್ಸರಿಗೂ ದಾರಿಯಾಗುತ್ತದೆ. ಸಕ್ಕರೆ ಕಾಯಿಲೆಯುಳ್ಳವರು ವಸಡಿನ ಬಗ್ಗೆ ಇನ್ನಷ್ಟು ಎಚ್ಚರ ವಹಿಸಬೇಕು. ವಸಡಿನ ರೋಗವು ರಕ್ತದ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ.

ಆಂಟಿಬಯೋಟಿಕ್ ಬೇಡವೇ ಬೇಡವೆಂದು ನಾವು ಹೇಳುತ್ತಿಲ್ಲ. ಮುಖ ಬಾತು ಜ್ವರ ಬಂದರೆ ವೈದ್ಯರೇ ಅದನ್ನು ಬರೆದುಕೊಡುವರು. ಆಗ ಅವರು ಹೇಳಿದಷ್ಟು ದಿನ ತಪ್ಪದೆ ಸೇವಿಸಬೇಕು. ಬಾವು ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ಜೀವಕ್ಕೇ ಅಪಾಯ. ಒಂದು ರಾತ್ರಿಯೂ ಕಾಯದೆ ಆಸ್ಪತ್ರೆ ಸೇರಬೇಕು.

ಸದ್ಭಕ್ತರು ಬಾಯಿಯ ಶುದ್ಧಿಯನ್ನು ನಿತ್ಯದ ಕಾಯಕವೆಂದೇ ಭಾವಿಸಲಿ, ಮಕ್ಕಳಿಗೂ ಕಲಿಸಲಿ ಎಂದು ಆಶಿಸುತ್ತೇವೆ.