ಹಳೆಯ ಮೋಟಾರಿಗೆ ಟೈರಿನ ಅಳತೆ

ಹಿರಿಯರು ಕೊಂಡ ಅಂಬಾಸಿಡರ್ ಗಾಡಿಯನ್ನು ಮಾರಲು ಮನಸ್ಸು ಬಾರದೆ, ಗಾಡಿಖಾನೆಯಲ್ಲಿಟ್ಟು ಕಾಪಾಡಿಕೊಂಡು ಬಂದಿರುವ ಗೃಹಸ್ಥರು ನಮ್ಮ ವಾಚಕರಲ್ಲಿ ಕೆಲವರಾದರೂ ಇರಬಹುದು. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಆ ಗಾಡಿಯ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಮದುವೆ ಮುಂಜಿಗಳಿಗೂ ಊರ ಜಾತ್ರೆಗೂ ಅದು ಈಗಲೂ ಹೊರಡುವುದುಂಟು. ಹೊರಟಾಗ ಅಜ್ಜಿಯಿಂದ ಮೊದಲುಗೊಂಡು ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ಅದರಲ್ಲಿಯೇ ಕೂಡುವುದುಂಟು. ಆದಕಾರಣ ಅದರ ಚಕ್ರಗಳಿಗೆ ಎಂತಹ ಟೈರನ್ನು ತೊಡಿಸಬೇಕೆಂಬುದು ಕೇವಲ ಅಂಗಡಿಯವನ ವಿವೇಚನೆಗೆ ಬಿಡತಕ್ಕ ವಿಷಯವಲ್ಲವೆಂದು ನಮ್ಮ ಅಭಿಪ್ರಾಯ.

ಸಾಮಾನ್ಯವಾಗಿ ಜನರು ಮಾಡುವುದೇನೆಂದರೆ, ಸವೆದುಹೋದ ಟೈರಿನ ಪಕ್ಕದಲ್ಲಿರುವ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದು. ಆ ಟೈರು ಮೂರು ಕೈ ದಾಟಿ ಬಂದ ಗಾಡಿಗೆ ಯಾರೋ ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದ್ದಾಗಿರಬಹುದು. ಸಂಸ್ಕೃತದಲ್ಲಿ ಪ್ರಮಾಣವೆಂಬ ಶಬ್ದಕ್ಕೆ ಅಳತೆಯೆಂದೂ ಅರ್ಥ, ಸಾಕ್ಷಿಯೆಂದೂ ಅರ್ಥ. ಇಲ್ಲಿ ಎರಡೂ ಅರ್ಥದಲ್ಲಿ ಪ್ರಮಾಣವಾದದ್ದು ಗಾಡಿಯೊಡನೆ ಬಂದ ಕೈಪುಸ್ತಕವೇ ಹೊರತು ಚಕ್ರಕ್ಕೆ ಅಂಟಿಕೊಂಡಿರುವ ರಬ್ಬರಲ್ಲ.

ಅಂಬಾಸಿಡರಿಗೆ ಮೂಲತಃ ಬಂದ ಅಳತೆ 5.90-15. ಇದರಲ್ಲಿ ಮೊದಲನೆಯದು ಗಾಳಿ ತುಂಬಿದ ಟೈರಿನ ಅಗಲ, ಎರಡನೆಯದು ಟೈರು ಕೂಡುವ ರಿಮ್ಮಿನ ವ್ಯಾಸ, ಎರಡೂ ಅಂಗುಲಗಳಲ್ಲಿ. ರಿಮ್ಮೆಂದರೆ ನಮ್ಮ ಪ್ರಾಚೀನರು ನಾಭಿ, ಅರ, ನೇಮಿ ಎಂದು ರಥಚಕ್ರಕ್ಕೆ ಹೇಳಿದ ಅಂಗಗಳಲ್ಲಿ ನೇಮಿಯೇ ಸರಿ. ಟೈರಿನ ಎತ್ತರವೆಷ್ಟೆಂಬುದು ಈ ಬರಹದಲ್ಲಿ ಕಾಣುವುದಿಲ್ಲ. ಆ ಕಾಲದ ಟೈರುಗಳ ಎತ್ತರ ಅಗಲಕ್ಕಿಂತ ತುಸುವೇ ಕಡಿಮೆ. ಆದ್ದರಿಂದ ಇದರ ಹೊರವ್ಯಾಸ ಸುಮಾರು 26 ಅಂಗುಲ, ಎಂದರೆ 660 ಮಿಲಿಮೀಟರಿನ ಆಸುಪಾಸು. ಇನ್ನೂ ಹಿಂದಿನ ಗಾಡಿಗಳ ಕ್ರಮವೇ ಬೇರೆ. ಫೋರ್ಡ್ ಕಂಪೆನಿಯ ಟಿ ಮಾದರಿಯ ಗಾಡಿಗೆ 30 x 3½ ಎಂದು ಬರೆಯುತ್ತಿದ್ದರು. ಅಲ್ಲಿ 30 ಎಂಬುದು ರಿಮ್ಮಿನದಲ್ಲ, ಟೈರಿನ ಹೊರವ್ಯಾಸ. ಅದರಿಂದ ಮೂರೂವರೆಯನ್ನು ಎರಡು ಸಲ ಕಳೆದರೆ ಉಳಿಯುವ 23 ಅಂಗುಲವೇ ರಿಮ್ಮು. ಇದನ್ನರಿಯದೆ 30 ಅಂಗುಲದ ರಿಮ್ಮಿಗೆ ಟೈರು ಹುಡುಕಿದವನು ಊರೂರು ಅಲೆಯಬೇಕಾದೀತು!

ಈಗಿನ ಟೈರುಗಳ ಮೇಲೆ 165/80 R15 ಎಂಬಂತಹ ಬರಹವಿರುತ್ತದೆ. 165 ಮಿಲಿಮೀಟರು ಅಗಲ. ಆ ಅಗಲಕ್ಕೆ ನೂರಕ್ಕೆ 80ರಂತೆ ಎತ್ತರ. ರಿಮ್ಮು ಮಾತ್ರ ಹಳೆಯಂತೆಯೇ ಅಂಗುಲದಲ್ಲಿ. ಮೂರು ಬಗೆಯ ಮಾನಗಳು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಂತಿದೆ. ಲೆಕ್ಕವೇನೋ ಸುಲಭ. ಎತ್ತರ 132, ಮೇಲೆ ಕೆಳಗೆ ಸೇರಿ 264, 15 ಅಂಗುಲಕ್ಕೆ 381, ಒಟ್ಟು 645 ಮಿಲಿಮೀಟರು. ಎತ್ತರದ ಅಂಕಿಯೇ ಇಲ್ಲದೆ ಬರಿಯ 165 R15 ಎಂದಿದ್ದರೆ ನೂರಕ್ಕೆ 82ರಷ್ಟೆಂದು ಹಿಡಿಯತಕ್ಕದ್ದು; ಆಗ 652 ಬರುತ್ತದೆ. ಇವೆರಡೂ ಮೂಲದ ಅಳತೆಗೆ ಹತ್ತಿರವಾಗಿಯೇ ಇವೆ.

ಆದರೆ ನೋಟಕ್ಕೆ ಠೀವಿಯಾಗಿರುತ್ತದೆಂದು 195/60 R15ನ್ನು ಹಾಕಿಸಿದರೆ ಏನಾಗುವುದು? ಹೊರವ್ಯಾಸ 615ಕ್ಕೆ ಇಳಿಯುವುದು. ವೇಗ ತೋರಿಸುವ ಮುಳ್ಳು 60 ಎನ್ನುವಾಗ ಗಾಡಿ ನಿಜವಾಗಿ 56ರಲ್ಲಿರುವುದು. ಅಷ್ಟೇ ದಾರಿಗೆ ಯಂತ್ರ ಹೆಚ್ಚು ಸಲ ತಿರುಗಬೇಕಾಗುವುದು. ಇದನ್ನಾದರೂ ಸಹಿಸಬಹುದು. ಆ ಟೈರಿಗೆ ಐದೂವರೆ ಅಂಗುಲಕ್ಕೆ ಕಡಿಮೆಯಿಲ್ಲದ ಅಗಲದ ರಿಮ್ಮು ಬೇಕು. ಹಳೆಯ ಗಾಡಿಗಳ ರಿಮ್ಮುಗಳೋ ಬಹುಮಟ್ಟಿಗೆ ನಾಲ್ಕು, ನಾಲ್ಕೂವರೆ ಅಂಗುಲದವು. ದೊಡ್ಡ ಪಾದವನ್ನು ಚಿಕ್ಕ ಜೋಡಿಗೆ ತುರುಕಿದಂತೆ ಟೈರು ಮಡಚಿಕೊಂಡು, ನಡುಭಾಗವು ಉಬ್ಬಿ, ತಿರುವಿನಲ್ಲಿ ಹೊಯ್ದಾಡುವುದು. ಚುಕ್ಕಾಣಿಯೂ ಭಾರವಾಗುವುದು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಈಗ ಹೇಳಬೇಕು. ಹಳೆಯ ಬಗೆಯ ಟೈರಿನೊಳಗೆ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಕತ್ತರಿಸಿ ಹಾದುಹೋಗುತ್ತವೆ. ಫ್ರಾನ್ಸಿನ ಮಿಶೆಲಿನ್ ಕಂಪೆನಿಯವರು 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಬಗೆಯಲ್ಲಿ ಅವು ಒಂದು ಅಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಹೋಗುತ್ತವೆ. ಅದರ ಪಕ್ಕಗಳು ಬಾಗುತ್ತವೆ, ನೆಲಕ್ಕೆ ತಗಲುವ ಭಾಗ ಚಪ್ಪಟೆಯಾಗಿ ನಿಲ್ಲುತ್ತದೆ. ಆದ್ದರಿಂದ ಹಿಡಿತ ಹೆಚ್ಚು. ಈಗ ಹಣ ಉಳಿಸಲೆಂದು ಮುಂದಿನ ಎರಡಕ್ಕೆ ಮಾತ್ರ ಹೊಸ ರೇಡಿಯಲ್ ಹಾಕಿಸಿ, ಹಿಂದೆ ಹಳೆಯ ಬಗೆಯನ್ನೇ ಉಳಿಸಿದಿರೆನ್ನಿ. ಮಳೆಯಲ್ಲಿ ಘಟ್ಟದ ತಿರುವಿನಲ್ಲಿ ಮುಂಭಾಗ ನೆಲವನ್ನು ಹಿಡಿಯುವುದು, ಹಿಂಭಾಗ ಜಾರುವುದು, ಗಾಡಿ ಬುಗುರಿಯಂತೆ ತಿರುಗುವುದು. ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಎರಡು ಬಗೆಯನ್ನು ಎಂದೂ ಹಾಕಕೂಡದು. ಎರಡೇ ರೇಡಿಯಲ್ ಕೊಳ್ಳುವ ಶಕ್ತಿಯಿದ್ದರೆ ಅವು ಹಿಂದಕ್ಕೆ ಹೋಗತಕ್ಕದ್ದು. ಐದನ್ನೂ ಒಟ್ಟಿಗೆ ಬದಲಿಸುವುದೇ ಉತ್ತಮ.

ಐದನೆಯದೆಂದರೆ ಸ್ಟೆಪ್ನಿ. ಇದು ವೇಲ್ಸ್ ದೇಶದ ಲಾನೆಲ್ಲಿ ಪಟ್ಟಣದ ಒಂದು ಬೀದಿಯ ಹೆಸರು! 1904ರಲ್ಲಿ ಅಲ್ಲಿ ಹುಟ್ಟಿದ ಹೆಚ್ಚುವರಿ ಚಕ್ರಕ್ಕೆ ಬೀದಿಯ ಹೆಸರೇ ಅಂಟಿಕೊಂಡು ನಮ್ಮ ಹಳ್ಳಿಗಳವರೆಗೂ ಬಂದಿತು.

ರಿಮ್ಮಿನ ವ್ಯಾಸದಲ್ಲಿ ಅರ್ಧ ಅಂಗುಲದ ರಿಯಾಯಿತಿಯೂ ಇಲ್ಲ. ಅಮೆರಿಕದ ಕೆಲವು ಹಳೆಯ ಲಾರಿಗಳ ಹದಿನಾರೂವರೆ ಅಂಗುಲದ ರಿಮ್ಮಿಗೆ ಹದಿನಾರರ ಟೈರನ್ನು ಗಾಳಿಯೊತ್ತಿ ಕೂಡಿಸಲು ಹೋಗಿ, ಅಂಚಿನ ತಂತಿ ಹರಿದು ಟೈರು ಸಿಡಿದು, ಕೆಲಸಗಾರರು ಪ್ರಾಣ ಕಳೆದುಕೊಂಡದ್ದುಂಟು. ತಂತಿಯ ಅರಗಳುಳ್ಳ ಚಕ್ರವಾದರೆ ಒಳಗೆ ಟ್ಯೂಬು ಇರಲೇಬೇಕು. ರೇಡಿಯಲ್ಲಿಗೆ ರೇಡಿಯಲ್ಲಿನದೇ ಟ್ಯೂಬು.

ಕೊಳ್ಳುವ ಮುನ್ನ ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತನ್ನು ಹುಡುಕಿ ನೋಡತಕ್ಕದ್ದು. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದರ್ಥ. ಮೂರೇ ಅಂಕಿಯಿದ್ದರೆ ಅದು 2000ಕ್ಕಿಂತ ಹಿಂದಿನದು. ಅಚ್ಚು ಎಷ್ಟೇ ಹೊಸದಾಗಿ ಕಂಡರೂ ಒಳಗಿನ ರಬ್ಬರು ಗಡುಸಾಗಿರುತ್ತದೆ. ತೊಡಿಸಿದ ಮೇಲೆ ಐದು ಜನರನ್ನು ಕೂಡಿಸಿ, ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಕೊನೆಮುಟ್ಟ ತಿರುಗಿಸಿ, ಟೈರು ಎಲ್ಲಿಯಾದರೂ ತಗಡಿಗೆ ಉಜ್ಜುತ್ತದೆಯೋ ಎಂದು ಒಬ್ಬರು ಕೆಳಗೆ ಬಗ್ಗಿ ನೋಡಲಿ.