ಕ್ಯಾರವಾನ್ ಹತ್ತಿದ ಚಿಗರಿ

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಒಂದು ಚಿಗರಿ, ಇನ್ನೊಂದು ಪೇಡಾ. ಹುಬ್ಬಳ್ಳಿ-ಧಾರವಾಡದವರಿಗೆ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನ ಮಕ್ಕಳಿಗಾಗಿ ಹೇಳುತ್ತೇನೆ: ನಮ್ಮ ಅವಳಿ ನಗರದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿನ ಹೆಸರು ‘ಚಿಗರಿ’, ಅಂದರೆ ಜಿಂಕೆ. ನಮ್ಮ ಚಿಗರಿ ಮುಧೋಳ ತಳಿಯವಳು. ಓಡಿದರೆ ಬಸ್ಸೂ ಹಿಂದೆ. ಪೇಡಾ ಓಣಿಯಲ್ಲಿ ಸಿಕ್ಕ ಮರಿ. ಬಣ್ಣ ಥೇಟ್ ಧಾರವಾಡ ಪೇಡೆಯದು, ಮೂತಿಯ ಮೇಲೆ ಸಕ್ಕರೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು.

ಕಳೆದ ಸಂಕ್ರಾಂತಿ ಮುಗಿದ ಮೇಲೆ ನನ್ನ ತಮ್ಮ ಒಂದು ಕ್ಯಾರವಾನ್ ಬಾಡಿಗೆಗೆ ತಂದ. ಒಳಗೆ ಮಲಗಲು ಹಾಸಿಗೆ, ಪುಟ್ಟ ಒಲೆ, ನೀರಿನ ಟ್ಯಾಂಕು; ಗಾಲಿಯ ಮೇಲೊಂದು ಮನೆ. ಏಳನೇ ಇಯತ್ತೆಯ ಅವನ ಮಗನಿಗೆ ಖುಷಿಯೋ ಖುಷಿ. ‘ಅತ್ತಿ, ಮುಧೋಳ ನಾಯಿಗೆ ಕ್ಯಾರವಾನ್ ಹೌಂಡ್ ಅಂತನೂ ಅಂತಾರ. ಕ್ಯಾರವಾನ್ ಕ್ಯಾರವಾನ್‌ದಾಗ ಹೊಂಟದ!’ ಎಂದ. ಮಾತು ಸುಳ್ಳಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ಅದೇ ಹೆಸರಿನಿಂದ ಗುರುತಿಸುತ್ತದೆ. ಹಿಂದೆ ದೂರದೇಶದ ವ್ಯಾಪಾರಿಗಳ ತಂಡಗಳ ಜೊತೆ ನಡೆದು ಬಂದ ನಾಯಿಗಳ ವಂಶ ಇದು ಎಂದು ನಂಬಿಕೆ. 2005ರಲ್ಲಿ ನಮ್ಮ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಚೀಟಿಯನ್ನೂ ತಂದಿದೆ.

ಬೆಳಿಗ್ಗೆ ಐದಕ್ಕೇ ಹೊರಟೆವು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ. ತಿರುವುಗಳಲ್ಲಿ ನಾಯಿಗಳಿಗೂ ಹೊಟ್ಟೆ ತೊಳಸುತ್ತದೆ. ಹಾಗಾಗಿ ಘಟ್ಟ ಇಳಿಯುವವರೆಗೆ ಅವಕ್ಕೆ ಊಟವಿಲ್ಲ, ನೀರು ಮಾತ್ರ. ಅಂಕೋಲೆಯಲ್ಲಿ 66ನೇ ಹೆದ್ದಾರಿ ಸೇರಿದಾಗ ಕಿಟಕಿಯಿಂದ ಉಪ್ಪುಗಾಳಿ ನುಗ್ಗಿತು. ಇಬ್ಬರೂ ಮೂಗು ಹೊರಗೆ ಚಾಚಿ ಕುಳಿತರು. ಕುಮಟಾದಲ್ಲಿ ನಾವು ಪಾಳಿಯ ಮೇಲೆ ಊಟ ಮಾಡಿದೆವು. ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಗಾಡಿ ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ನಾಯಿಯನ್ನು ಅದರೊಳಗೆ ಬಿಟ್ಟು ಹೋಗಬಾರದು.

ಹೊನ್ನಾವರದ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಕೇರಳದ ಕಾಸರಗೋಡಲ್ಲ, ಇದು ನಮ್ಮ ಉತ್ತರ ಕನ್ನಡದ್ದು. ಇಲ್ಲಿನ ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಿಕ್ಕಿದೆ. ಅಂಥ ತೀರಗಳಲ್ಲಿ ನಾಯಿಗಳ ಓಡಾಟಕ್ಕೆ ಬಿಗಿ ನಿಯಮವಿರುತ್ತದೆ. ಹಾಗಾಗಿ ಅಲ್ಲಿಂದ ದೂರ, ಮೀನುಗಾರ ಕುಟುಂಬವೊಂದರ ತೆಂಗಿನ ತೋಟದಲ್ಲಿ ಗಾಡಿ ನಿಲ್ಲಿಸಲು ಅನುಮತಿ ಕೇಳಿದೆವು. ಮನೆಯೊಡತಿ ಎರಡೇ ಮಾತು ಹೇಳಿದರು: ‘ರಾತ್ರಿ ನಾಯಿ ಬಿಡ್ಬೇಡಿ. ಹೊರಗಿನ ದೀಪ ಹಾಕ್ಬೇಡಿ.’ ನಾನು ತಲೆಯಾಡಿಸಿದೆ. ಯಾಕೆಂದು ಕೇಳಲಿಲ್ಲ. ಬೀದಿನಾಯಿಗಳ ಜಗಳದ ಭಯವಿರಬೇಕು ಅಂದುಕೊಂಡೆ.

ರಾತ್ರಿ ಒಂಬತ್ತರ ಹೊತ್ತು. ತೆರೆಗಳ ಸದ್ದು ಬಿಟ್ಟರೆ ದಂಡೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಇಡೀ ದಿನ ಕಟ್ಟಿಹಾಕಿದ ನಾಯಿಗಳನ್ನು ನೋಡಿ ನನಗೆ ಕರುಳು ಚುರ್ರೆಂದಿತು.

‘ಅತ್ತಿ, ಬ್ಯಾಡ. ಬಿಡಬ್ಯಾಡ್ರಿ ಅಂದಾರಲ್ಲ ಅವರು’ ಎಂದ ಹುಡುಗ.

‘ಐದೇ ಮಿನಿಟು, ಯಾರಿದ್ದಾರ ಇಲ್ಲೆ?’ ಎಂದೆ. ಹಗ್ಗ ಬಿಚ್ಚಿದವಳು ನಾನೇ.

ಚಿಗರಿ ಬಾಣದಂತೆ ಕತ್ತಲಲ್ಲಿ ಮಾಯವಾದಳು. ಪೇಡಾ ಮಾತ್ರ ಸ್ವಲ್ಪ ದೂರ ಹೋಗಿ ಮರಳು ಮೂಸಿದ, ಆಮೇಲೆ ಎರಡೂ ಕಾಲಿನಿಂದ ಕೆದರತೊಡಗಿದ. ಆಟವಾಡುತ್ತಿದ್ದಾನೆಂದು ನಾನು ನಗುತ್ತಲೇ ಇದ್ದೆ. ಅಷ್ಟರಲ್ಲಿ ಮನೆಯೊಡತಿ ಕೂಗುತ್ತ ಓಡಿ ಬಂದರು. ಕೆಂಪು ಬಟ್ಟೆ ಸುತ್ತಿದ ಅವರ ಟಾರ್ಚಿನ ಬೆಳಕಲ್ಲಿ ಗುಂಡಿ ಕಂಡಿತು. ಒಳಗೆ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಮೊಟ್ಟೆಗಳು. ಮೂರು ಒಡೆದಿದ್ದವು. ಪೇಡಾನ ಮೂತಿಯ ಬಿಳಿ ಚುಕ್ಕೆಗಳು ಹಳದಿಯಾಗಿದ್ದವು.

ಅದು ಆಲಿವ್ ರಿಡ್ಲೆ ಕಡಲಾಮೆಯ ಗೂಡು. ಹಿಂದಿನ ರಾತ್ರಿಯಷ್ಟೇ ತಾಯಿ ಆಮೆ ಬಂದು ಮೊಟ್ಟೆಯಿಟ್ಟು ಹೋಗಿತ್ತಂತೆ. ಬೆಳಗಾದರೆ ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟುವವರಿದ್ದರು. ಹೊರಳಿದ್ದ ಒಂದು ಮೊಟ್ಟೆಯನ್ನು ಎತ್ತಲು ನಾನು ಕೈ ಚಾಚಿದೆ. ‘ಮುಟ್ಬೇಡಿ ಅಮ್ಮಾ!’ ಎಂದರು. ಮೊಟ್ಟೆಯಿಟ್ಟ ಕೆಲವು ಗಂಟೆಗಳ ಮೇಲೆ ಅದನ್ನು ತಿರುಗಿಸಿದರೆ ಒಳಗಿನ ಜೀವ ಸಾಯಬಹುದು. ಅವರೇ ಮೊಣಕಾಲೂರಿ ಹಸಿ ಮರಳನ್ನು ಬೊಗಸೆಯಲ್ಲಿ ತಂದು ಮೆಲ್ಲಗೆ ಮುಚ್ಚಿದರು. ನಂತರ ಇಲಾಖೆಯವರಿಗೆ ಫೋನು ಮಾಡಿದರು. ಅಷ್ಟೊತ್ತಿಗೆ ಚಿಗರಿ ಏದುಸಿರು ಬಿಡುತ್ತ ಬಂದು ನನ್ನ ಕಾಲ ಬಳಿ ಕುಳಿತಿದ್ದಳು.

ದೀಪದ ಮಾತೂ ಆಗ ತಿಳಿಯಿತು. ಮೊಟ್ಟೆಯಿಂದ ಹೊರಬಂದ ಮರಿಗಳು ರಾತ್ರಿ ಹೆಚ್ಚು ಬೆಳಕಿರುವ ಕಡೆ ಹರಿಯುತ್ತವೆ. ಸಾವಿರಾರು ವರ್ಷಗಳಿಂದ ಆ ಬೆಳಕು ಸಮುದ್ರದ್ದೇ ಆಗಿತ್ತು. ಈಗ ನಮ್ಮಂಥವರ ಗಾಡಿಯ ದೀಪವೂ ಇದೆ. ಮರಿ ದಾರಿ ತಪ್ಪಿ ರಸ್ತೆಗೆ ಬಂದರೆ ಮುಗಿಯಿತು. ಕಡಲಾಮೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಆದರೆ ಕತ್ತಲಲ್ಲಿ ಆ ಕಾಯ್ದೆಯನ್ನು ಕಾಯುವವರು ಆ ಹೆಂಗಸಿನಂಥವರು.

ನಾನು ಪೇಡಾನನ್ನು ಗದರಲು ಹೋದೆ. ಹುಡುಗ ತಡೆದ. ‘ಅವನಿಗೇನ್ ಗೊತ್ತು, ಅತ್ತಿ?’ ಎಂದ. ‘ನಿನಗೆ ಗೊತ್ತಿತ್ತಲ್ಲ’ ಎಂದು ಅವನು ಹೇಳಲಿಲ್ಲ. ನನಗೆ ಕೇಳಿಸಿತು.

ಮರುದಿನ ಗೂಡಿಗೆ ಬಲೆ ಕಟ್ಟುವುದನ್ನು ನೋಡಿಯೇ ಹೊರಟೆವು. ಮುರ್ಡೇಶ್ವರವನ್ನು ಪಾಳಿಯ ಮೇಲೆ ನೋಡಿದೆವು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಅಲ್ಲಿ ಬೆಳಿಗ್ಗೆ ತಂಪು ಹೊತ್ತಲ್ಲಿ, ಉದ್ದ ಹಗ್ಗ ಕಟ್ಟಿಯೇ, ಇಬ್ಬರನ್ನೂ ತೆರೆಯಂಚಿನಲ್ಲಿ ಓಡಾಡಿಸಿದೆವು. ಅವಕ್ಕೇನೂ ಬೇಜಾರಾಗಲಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ನಾವೂ ಓಡಬೇಕಾಯಿತು, ಅಷ್ಟೇ.

ಮಾರ್ಚಿಯಲ್ಲಿ ಕಾಸರಕೋಡಿನಿಂದ ಫೋನು ಬಂತು. ‘ಮರಿಗಳು ಹೊರಟ್ವು ಅಮ್ಮಾ, ಎಂಬತ್ತರ ಮೇಲಿದ್ವು’ ಎಂದರು. ಓಡಿ ಹೋಗಿ ಹುಡುಗನಿಗೆ ಹೇಳಿದೆ. ಅವನು ಕುಣಿದಾಡಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

‘ಇನ್ನೂ ಮೂರು ಇರ್ತಿದ್ದವೇನ, ಅತ್ತಿ?’

ನಾನು ಉತ್ತರಿಸಲಿಲ್ಲ. ಸಂಜೆಯ ತಿರುಗಾಟದ ಹೊತ್ತಾಗಿತ್ತು. ಬಾಗಿಲ ಮೊಳೆಯಿಂದ ಎರಡೂ ಹಗ್ಗಗಳನ್ನು ತೆಗೆದುಕೊಂಡೆ. ಒಂದನ್ನು ಅವನ ಕೈಗೆ ಕೊಟ್ಟೆ.