ಕೆಡಿಸಿದವರು ಯಾರು?

ಮೊನ್ನೆ ಬೆಂಗಳೂರಿನಿಂದ ಒಬ್ಬ ತರುಣ ನಮ್ಮ ಮನೆಗೆ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ. ಹಳೆಯ ಸೈಕಲುಗಳನ್ನು ಹುಡುಕಿ ಕೊಂಡು, ಅವನ್ನು ಮೊದಲಿನ ರೂಪಕ್ಕೆ ತಂದು ಇಟ್ಟುಕೊಳ್ಳುವ ಹವ್ಯಾಸ ಅವನಿಗಿದೆಯಂತೆ. ಜಗಲಿಗೆ ಒರಗಿಸಿದ್ದ ನಮ್ಮ ತಂದೆಯವರ ರ‍್ಯಾಲಿ ಸೈಕಲ್ಲನ್ನು ಕಂಡೊಡನೆ ಅವನ ಮುಖ ಅರಳಿತು. ಮುಂಭಾಗದ ಕೊಕ್ಕರೆತಲೆಯ ಬಿಲ್ಲೆಯನ್ನು ಕರವಸ್ತ್ರದಿಂದ ಒರೆಸಿ ನೋಡಿದ. ಚೈನ್ ಚಕ್ರದೊಳಗೆ ಕತ್ತರಿಸಿ ಮೂಡಿಸಿರುವ ಮೂರು ಕೊಕ್ಕರೆಗಳನ್ನು ಬೆರಳಿಟ್ಟು ಎಣಿಸಿದ. ಆಮೇಲೆ ಅವನ ದೃಷ್ಟಿ ಹ್ಯಾಂಡಲ್ಲಿನ ಮೇಲೂ ಚಕ್ರಗಳ ನಡುವಿನ ದಪ್ಪ ಹಬ್ಬುಗಳ ಮೇಲೂ ಬಿತ್ತು. ಮುಖ ಬಾಡಿತು.

“ಏನ್ ಸಾರ್, ಇಂಥಾ ಗಾಡೀನ ಕೆಡಿಸಿಬಿಟ್ಟಿದ್ದೀರಲ್ಲ! ಅಪ್ಪನ ನೆನಪು ಅಂತನಾದರೂ ಹಾಗೇ ಇಡಬೇಕಿತ್ತು” ಎಂದ.

ಮನೆಗೆ ಬಂದ ಅತಿಥಿ. ಕಾಫಿ ಕುಡಿಸಿ, ಬಸ್ಸಿನ ಹೊತ್ತು ತಿಳಿಸಿ ಕಳುಹಿಸಿಕೊಟ್ಟೆ. ಆದರೆ ಆ ಮಾತು ನಾಲ್ಕು ದಿನಗಳಿಂದ ಕಿವಿಯಲ್ಲಿ ಕುಳಿತಿದೆ. ಎದುರಿಗೆ ಹೇಳದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೊಬ್ಬನಿಗೆ ಮಾತ್ರವಲ್ಲ, ಅವನಂತೆ ಯೋಚಿಸುವವರಿಗೆಲ್ಲ ಇದು ಸಲ್ಲುತ್ತದೆ.

ಮೊದಲು ವಿಷಯ ಏನೆಂದು ಹೇಳಬೇಕು. ತಂದೆಯವರು ಶಾನುಭೋಗರಾಗಿದ್ದರು. ಹಳ್ಳಿಯಿಂದ ಹಳ್ಳಿಗೆ ಓಡಾಡುವ ಕೆಲಸ. ೧೯೫೦ರಲ್ಲಿ ಶಿವಮೊಗ್ಗಕ್ಕೆ ಹೋಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ಈ ಸೈಕಲ್ಲನ್ನು ಕೊಂಡು, ಮಲೆನಾಡಿನ ದಾರಿಯಲ್ಲಿ ಎರಡು ದಿನ ತುಳಿದುಕೊಂಡು ಬಂದರಂತೆ. ಹಳೆಯ ಮನೆ ಪಾಲಾದಾಗ ಹಟ್ಟಿಯ ಮೂಲೆಯಿಂದ ಇದು ಹೊರಬಂದಾಗ ಚಕ್ರದ ಕಡ್ಡಿಗಳು ಮುರಿದಿದ್ದವು, ರಿಮ್ಮುಗಳ ಮೆರುಗು ಎದ್ದಿತ್ತು, ಸೀಟಿನ ಚರ್ಮ ಹಲಗೆಯಂತಾಗಿತ್ತು. ಚೌಕಟ್ಟು ಮಾತ್ರ ನೆಟ್ಟಗಿತ್ತು. ಕೊಳವೆಗಳು ಕೂಡುವಲ್ಲಿ ಹಿತ್ತಾಳೆಯ ಬೆಸುಗೆ ಹಾಕಿದ ಆ ಉಕ್ಕಿನ ಕೀಲುಗಳಲ್ಲಿ ಒಂದು ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಹಾಗಾಗಿ ಚೌಕಟ್ಟಿಗೆ ಒಂದೊಂದೇ ಬಿಡಿಭಾಗವನ್ನು ಆರಿಸಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಗೆ ನಿಂತವರು ನಮ್ಮೂರಿನ ಸೈಕಲ್ ಅಂಗಡಿಯ ಸಾಹೇಬರು. ಅವರ ತಂದೆ ನಮ್ಮ ತಂದೆಯವರ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವರು.

ತರುಣನ ವಾದ ಸರಳವಾದದ್ದು: ೧೯೫೦ರ ಚೌಕಟ್ಟಿಗೆ ೧೯೫೦ರ ಬಿಡಿಭಾಗಗಳೇ ಇರಬೇಕು. ಕೇಳಲು ಹಿತವಾಗಿದೆ. ಆದರೆ ಯಾವ ದಿನದ ಸೈಕಲ್ಲು ಮೂಲ? ಅಂಗಡಿಯಿಂದ ಹೊರಬಂದ ದಿನದ್ದೆಂದರೆ, ಆ ಟಯರು ಮೂರು ವರ್ಷವೂ ಬಾಳಲಿಲ್ಲ. ನನಗೆ ತಿಳಿವಳಿಕೆ ಬಂದಾಗ ಪೆಡಲುಗಳೂ ಫ್ರೀವೀಲೂ ಲೂಧಿಯಾನದವಾಗಿದ್ದವು. ಹಿಂದಿನ ಮಡ್‌ಗಾರ್ಡು ಮದರಾಸಿನ ಅಂಬತ್ತೂರಿನಲ್ಲಿ ಮಾಡಿದ ಹರ್ಕ್ಯುಲಿಸ್ ಸೈಕಲ್ಲಿನದು. ಎಣ್ಣೆಯ ದೀಪವನ್ನು ಕಿತ್ತು ಡೈನಮೋ ಹಾಕಿಸಿದವರು ಸ್ವತಃ ತಂದೆಯವರು. ಅದರ ಬೆಳಕಿನಲ್ಲಿ ಮೊದಲ ದಿನ ಮನೆಗೆ ಬಂದಾಗ ಅವರ ಮುಖದಲ್ಲಿದ್ದ ಹೆಮ್ಮೆ ನನಗೆ ಈಗಲೂ ಕಾಣುತ್ತದೆ. ಹೋಗಲಿ, ನಾಟಿಂಗ್‌ಹ್ಯಾಮಿನವರಾದರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಕೊಡುತ್ತಿದ್ದರೇ? ಒಂದೇ ವೇಗದ್ದು ಬೇಕೋ ಮೂರು ಗೇರಿನದು ಬೇಕೋ, ಚೈನಿಗೆ ಪೂರ್ತಿ ಪೆಟ್ಟಿಗೆಯೋ ಅರ್ಧ ಮುಚ್ಚಳವೋ, ಹಬ್ಬಿನೊಳಗೇ ಡೈನಮೋ ಬೇಕೋ ಎಂದು ಕೊಳ್ಳುವವನನ್ನು ಕೇಳಿ ಕೊಡುತ್ತಿದ್ದ ಕಾಲವದು. ಆರಿಸುವ ಹಕ್ಕು ೧೯೫೦ರ ಗಿರಾಕಿಗೆ ಇತ್ತು, ಇಂದು ಅದೇ ಸೈಕಲ್ಲನ್ನು ತುಳಿಯುವ ಮುದುಕನಿಗೆ ಇಲ್ಲವೆಂದರೆ ಅದು ಯಾವ ನ್ಯಾಯ?

ಈಗ ಬ್ರೇಕಿನ ಮಾತು. ತರುಣನಿಗೆ ಅತ್ಯಂತ ನೋವಾದದ್ದು ರಾಡ್ ಬ್ರೇಕುಗಳು ಇಲ್ಲದ್ದರಿಂದ. ನನ್ನ ಸಿಟ್ಟೂ ಅಲ್ಲಿಯೇ ಇದೆ.

ಕಿರಿಯರಿಗೆ ಅದರ ರಚನೆ ತಿಳಿದಿರಲಾರದು. ಹ್ಯಾಂಡಲ್ಲಿನ ಕೆಳಗಿನ ಹಿಡಿಯನ್ನು ಎತ್ತಿದರೆ ಒಂದು ಉಕ್ಕಿನ ಸರಳು ಮೇಲಕ್ಕೆ ಎಳೆಯಲ್ಪಡುತ್ತದೆ. ಅದರ ತುದಿಯಲ್ಲಿ ಲಾಳದಂಥ ಒಂದು ಕಮಾನು. ಕಮಾನಿನ ಎರಡು ತುದಿಗಳ ರಬ್ಬರ್ ತುಂಡುಗಳು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳು ಹೊರಡುವ ಮೈಗೆ, ಕೆಳಗಿನಿಂದ ಒತ್ತುತ್ತವೆ. ನೋಡಲು ಬಹಳ ಚೆಂದ. ಒಣ ದಾರಿಯಲ್ಲಿ ಕೆಲಸವನ್ನೂ ಮಾಡುತ್ತದೆ. ಆದರೆ ರಿಮ್ಮು ನುಣುಪಾದ ಉಕ್ಕಿನದು, ಮೇಲೆ ಕ್ರೋಮಿಯಂ ಲೇಪ. ಮಳೆಯ ನೀರು ತೆಳುವಾಗಿ ಹರಡಿದರೆ ರಬ್ಬರು ಅದರ ಮೇಲೆ ಜಾರುತ್ತದೆ. ಹಿಡಿಯನ್ನು ಎಷ್ಟು ಬಲವಾಗಿ ಎತ್ತಿದರೂ ಚಕ್ರ ತನ್ನ ಪಾಡಿಗೆ ತಾನು ಉರುಳುತ್ತದೆ. ಬಯಲುಸೀಮೆಯ ಮಟ್ಟಸವಾದ ರಸ್ತೆಯಲ್ಲಿ ಕಾಲು ಕೊಟ್ಟು ನಿಲ್ಲಿಸಬಹುದು. ನಮ್ಮದು ತೀರ್ಥಹಳ್ಳಿಯ ಸೀಮೆ. ಆಷಾಢದಲ್ಲಿ ಸೂರ್ಯನ ಮುಖ ಕಾಣಲು ವಾರಗಟ್ಟಲೆ ಕಾಯಬೇಕು.

೧೯೫೮ರ ಆಷಾಢದಲ್ಲಿ ತಂದೆಯವರು ಕಂದಾಯದ ಕಡತಗಳನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಕಂಬಳಿಕೊಪ್ಪೆ ಹಾಕಿಕೊಂಡು ಹೊಳೆಯ ಕಡೆಗೆ ಇಳಿಯುವ ಜಾರಿನಲ್ಲಿ ಬರುತ್ತಿದ್ದರು. ತಿರುವಿನಲ್ಲಿ ಎದುರಿಗೆ ಎತ್ತಿನಗಾಡಿ. ಎರಡೂ ಬ್ರೇಕುಗಳನ್ನು ಎಳೆದು ಹಿಡಿದೇ ಇದ್ದೆ, ಸೈಕಲ್ಲು ನಿಲ್ಲಲೇ ಇಲ್ಲ ಎಂದು ಅವರು ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು. ಗಾಡಿಗೆ ಬಡಿಯುವುದನ್ನು ತಪ್ಪಿಸಲು ದರೆಯತ್ತ ತಿರುಗಿಸಿ ಬಿದ್ದರು. ಎಡಭುಜದ ಮೂಳೆ ಮುರಿಯಿತು. ಊರಿನಲ್ಲಿ ಪಟ್ಟು ಹಾಕಿ ಕಟ್ಟಿದರು. ಕೂಡಿದ್ದು ಸರಿಯಾಗಿ ಕೂಡಲಿಲ್ಲ. ಬದುಕಿರುವವರೆಗೂ ಅವರು ಆ ಕೈಯನ್ನು ಭುಜದಿಂದ ಮೇಲಕ್ಕೆ ಎತ್ತಲಾರದೆ ಹೋದರು. ಅಂಗಿ ತೊಡುವಾಗ ಅಮ್ಮ ತೋಳು ಹಿಡಿಯಬೇಕಾಗಿತ್ತು.

ಆ ಬ್ರೇಕನ್ನು ಅಪ್ಪನ ನೆನಪಿಗಾಗಿ ಉಳಿಸಿಕೊಳ್ಳಬೇಕಿತ್ತು ಎಂದು ಇಪ್ಪತ್ತೆಂಟು ವರ್ಷದ ಹುಡುಗನೊಬ್ಬ ನನಗೆ ಬುದ್ಧಿ ಹೇಳುತ್ತಾನೆ!

ಬೇರೆ ಬ್ರೇಕು ಹಾಕುವುದೆಂದು ನಿಶ್ಚಯಿಸಿದ ಮೇಲೆ ಕಷ್ಟ ಶುರುವಾಯಿತು. ಅಲ್ಯುಮಿನಿಯಂ ರಿಮ್ಮು ಮಳೆಯಲ್ಲಿ ಉಕ್ಕಿನದಕ್ಕಿಂತ ಎಷ್ಟೋ ಚೆನ್ನಾಗಿ ನಿಲ್ಲುತ್ತದೆ. ಅದನ್ನು ಪಕ್ಕದಿಂದ ಕಚ್ಚುವ ಕೇಬಲ್ ಬ್ರೇಕು ಹಾಕೋಣವೆಂದು ಮೊದಲು ಯೋಚಿಸಿದೆವು. ಆದರೆ ಈಗಿನ ಸೈಕಲುಗಳ ಸಾಮಾನ್ಯ ರಿಮ್ಮಿನಲ್ಲಿ ಟಯರು ಕೂರುವ ವ್ಯಾಸ ೬೨೨ ಮಿಲಿಮೀಟರು. ನಮ್ಮ ೨೮ ಅಂಗುಲದ ಹಳೆಯ ಚಕ್ರದ್ದು ೬೩೫. ಎಂದರೆ ರಿಮ್ಮು ಆರೂವರೆ ಮಿಲಿಮೀಟರು ಕೆಳಗಿಳಿಯುತ್ತದೆ, ಬ್ರೇಕಿನ ತೋಳುಗಳು ಅಷ್ಟು ಉದ್ದವಾಗಬೇಕು. ಅದಕ್ಕಿಂತ ಹೆಚ್ಚಾಗಿ, ಕೇಬಲ್ ಬ್ರೇಕನ್ನು ಕೂರಿಸಲು ನಮ್ಮ ಫೋರ್ಕಿನ ನೆತ್ತಿಯಲ್ಲಿ ತೂತೇ ಇಲ್ಲ. “ಡ್ರಿಲ್ ಹೊಡೆದ್ರೆ ಐದು ನಿಮಿಷದ ಕೆಲಸ ಮೇಷ್ಟ್ರೇ” ಎಂದರು ಸಾಹೇಬರು. ನಾನು ಒಪ್ಪಲಿಲ್ಲ. ಚೌಕಟ್ಟಿಗೂ ಫೋರ್ಕಿಗೂ ಅಳಿಸಲಾಗದ ಗಾಯ ಮಾಡಬಾರದು, ಮಿಕ್ಕದ್ದೆಲ್ಲ ತುಳಿಯುವವನ ಇಷ್ಟ: ಈ ಒಂದು ನಿಯಮಕ್ಕೆ ನಾನು ಅಂಟಿಕೊಂಡಿದ್ದೆ.

ಇನ್ನೂ ಒಂದು ಕಾರಣಕ್ಕೆ ಚಕ್ರದ ಅಳತೆ ಬದಲಿಸಲು ಮನಸ್ಸಾಗಲಿಲ್ಲ. ೨೮ ಗುಣಿಲೆ ಒಂದೂವರೆಯ ಟಯರು ನಮ್ಮ ದೇಶದಲ್ಲಿ ಹಾಲು ಮಾರುವವರ ಸೈಕಲ್ಲಿನ ಟಯರು. ಯಾವ ಹಳ್ಳಿಯ ಅಂಗಡಿಯಲ್ಲಿ ಕೇಳಿದರೂ ಮೊಳೆಗೆ ನೇತುಹಾಕಿದ್ದನ್ನು ಇಳಿಸಿ ಕೊಡುತ್ತಾರೆ. ಬೆಂಗಳೂರಿನಿಂದ ತರಿಸಬೇಕಾದ ಟಯರು ಹಾಕಿಕೊಂಡು ಮಳೆಗಾಲದಲ್ಲಿ ದಾರಿಯಲ್ಲಿ ನಿಲ್ಲುವ ಶೋಕಿ ನನಗೆ ಬೇಡ.

ಉಳಿದದ್ದು ಡ್ರಮ್ ಬ್ರೇಕು. ಹಬ್ಬಿನ ಒಳಗೇ ಮುಚ್ಚಿಕೊಂಡು ಕೆಲಸ ಮಾಡುವುದರಿಂದ ರಿಮ್ಮು ಒದ್ದೆಯಾದರೂ ಅದಕ್ಕೆ ಲೆಕ್ಕವಿಲ್ಲ. ಮಳೆಗೆ ಹೆಸರಾದ ಹಾಲೆಂಡಿನಲ್ಲಿ ದಿನಬಳಕೆಯ ಎಷ್ಟೋ ಸೈಕಲುಗಳಿಗೆ ಇಂಥದೇ ಬ್ರೇಕು. ನಮ್ಮ ೬೩೫ರ ಅಳತೆಯ ಚಕ್ರ ಅಲ್ಲಿಯ ಹಳೆಯ ಮಾದರಿಯ ಸೈಕಲುಗಳಲ್ಲಿಯೂ ಇದೆ. ಅಲ್ಲಿ ನೌಕರಿಯಲ್ಲಿರುವ ನನ್ನ ಶಿಷ್ಯನೊಬ್ಬ ರಜೆಗೆ ಬರುವಾಗ ಎರಡು ಹಬ್ಬು, ಎರಡು ರಿಮ್ಮುಗಳನ್ನು ಸಾಮಾನಿನೊಂದಿಗೆ ಹೊತ್ತು ತಂದ. ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅವನನ್ನೇ ನೋಡಿದರಂತೆ. ಇಂಗ್ಲೆಂಡಿನ ಪದ್ಧತಿಯಂತೆ ನಮ್ಮ ಹಳೆಯ ರಿಮ್ಮುಗಳಿಗೆ ಮುಂದೆ ೩೨, ಹಿಂದೆ ೪೦ ಕಡ್ಡಿ. ಹೊಸ ಹಬ್ಬುಗಳಿಗೆ ೩೬. ಆದ್ದರಿಂದ ರಿಮ್ಮುಗಳನ್ನೂ ತರಿಸದೆ ಗತ್ಯಂತರವಿರಲಿಲ್ಲ.

ಇಲ್ಲೊಂದು ಪ್ರಸಂಗ. ಡ್ರಮ್ ಹಬ್ಬಿನ ಅಂಚು ದೊಡ್ಡದು, ಕಡ್ಡಿಯ ಉದ್ದ ಬೇರೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಡ್ಡಿ ಹೊಂದುವುದಿಲ್ಲ. ಜೀವಮಾನವಿಡೀ ಮಕ್ಕಳಿಗೆ ಗಣಿತ ಕಲಿಸಿದವನು ನಾನು. ತ್ರಿಕೋನಮಿತಿ ಯಾವ ಉಪಯೋಗಕ್ಕೆ ಸಾರ್ ಎಂದು ಕೇಳಿದವರಿಗೆಲ್ಲ ಗುಡ್ಡದ ಎತ್ತರ, ಗೋಪುರದ ನೆರಳು ಎಂದು ಹೇಳಿ ಪಾರಾಗುತ್ತಿದ್ದೆ. ಆ ದಿನ ಕೊಸೈನ್ ಸೂತ್ರ ಹಾಕಿ ಕಡ್ಡಿಯ ಉದ್ದ ಲೆಕ್ಕ ಮಾಡಿ ಹೆಮ್ಮೆಯಿಂದ ಸಾಹೇಬರ ಕೈಗೆ ಚೀಟಿ ಕೊಟ್ಟೆ. ಕತ್ತರಿಸಿ ತರಿಸಿದ ಕಡ್ಡಿಗಳೆಲ್ಲ ಮೂರು ಮಿಲಿಮೀಟರು ಉದ್ದವಾಗಿ, ನಿಪ್ಪಲ್ಲಿನಿಂದಾಚೆ ಮೂತಿ ಚಾಚಿ ನಿಂತವು. ರಿಮ್ಮಿನ ಒಳಗಿನ ವ್ಯಾಸ ತೆಗೆದುಕೊಳ್ಳುವ ಬದಲು ಟಯರು ಕೂರುವ ವ್ಯಾಸ ತೆಗೆದುಕೊಂಡಿದ್ದೆ. ಸಾಹೇಬರು ಏನೂ ಹೇಳಲಿಲ್ಲ, ನಕ್ಕರು ಅಷ್ಟೆ.

ಡ್ರಮ್ ಬ್ರೇಕು ಈಚಿನ ಅವತಾರವೆಂದು ತರುಣ ಭಾವಿಸಿದಂತಿತ್ತು. ರ‍್ಯಾಲಿಯವರ ಬಳಗದ್ದೇ ಆದ ಸ್ಟರ್ಮಿ ಆರ್ಚರ್ ಸಂಸ್ಥೆ ೧೯೩೦ರ ದಶಕದಲ್ಲಿಯೇ, ಅಂದರೆ ನಮ್ಮ ಸೈಕಲ್ಲು ಹುಟ್ಟುವ ಮುಂಚೆಯೇ, ನಾಟಿಂಗ್‌ಹ್ಯಾಮಿನಲ್ಲಿ ಇದನ್ನು ಮಾಡಿ ಮಾರುತ್ತಿತ್ತು. ೨೦೦೦ದಲ್ಲಿ ಅಲ್ಲಿಯ ಕಾರ್ಖಾನೆ ಮುಚ್ಚಿ ಹೆಸರೂ ಯಂತ್ರಗಳೂ ತೈವಾನಿನ ಸನ್‌ರೇಸ್ ಸಂಸ್ಥೆಗೆ ಸೇರಿದವು. ನನ್ನ ಹಬ್ಬು ತೈವಾನಿನದು. ವಂಶ ಅದೇ. ಹಿಂದಿನ ಹಬ್ಬಿನಲ್ಲಿ ಬ್ರೇಕಿನ ಜೊತೆಗೆ ಮೂರು ಗೇರೂ ಇದೆ. ಸಣ್ಣ ಗೇರು ನಡುವಿನದರ ಮುಕ್ಕಾಲು, ದೊಡ್ಡದು ಅದರ ಒಂದೂಕಾಲಿಗಿಂತ ಸ್ವಲ್ಪ ಹೆಚ್ಚು. ಹಿಂದೆ ೧೮ ಹಲ್ಲಿನ ಬದಲು ೨೨ ಹಲ್ಲಿನ ಚಕ್ರ ಹಾಕಿದ್ದರಿಂದ ಹೊಳೆಯ ಏರನ್ನು ಈ ವಯಸ್ಸಿನ ಮೊಣಕಾಲುಗಳೂ ಹತ್ತುತ್ತವೆ. ಇದನ್ನೂ ತರುಣ ತಪ್ಪೆಂದ. ಅವನು ಏರು ಹತ್ತಲಿಲ್ಲ, ಬಾಡಿಗೆ ಕಾರಿನಲ್ಲಿ ಬಂದಿದ್ದ.

ಹಿಂದಿನ ಫೋರ್ಕನ್ನು ಮೂರು ನಾಲ್ಕು ಮಿಲಿಮೀಟರು ಅಗಲಿಸಬೇಕಾಯಿತು, ಮುಂದಿನದನ್ನು ಇನ್ನೂ ತುಸು ಹೆಚ್ಚು. ಉಕ್ಕು ಅದಕ್ಕೆ ಒಗ್ಗುತ್ತದೆ. ಬೇಕೆಂದಾಗ ಹಿಂದಕ್ಕೂ ತರಬಹುದು. ಅಲ್ಯುಮಿನಿಯಂ ಚೌಕಟ್ಟಿನಲ್ಲಿ ಆ ಸಾಹಸ ಕೂಡದು. ಮುಂದಿನ ಫೋರ್ಕಿನ ಸೀಳಿಗೆ ಹೊಸ ಎಕ್ಸಲ್ಲು ದಪ್ಪವಾಯಿತು. ಅರ ಹಿಡಿದು ಉಜ್ಜಿದ್ದು ಎಕ್ಸಲ್ಲಿನ ಎರಡು ಮಗ್ಗುಲನ್ನು, ಸೀಳನ್ನಲ್ಲ. ಬ್ರೇಕಿನ ತೋಳನ್ನು ಫೋರ್ಕಿನ ಕಾಲಿಗೆ ಒಂದು ಪಟ್ಟಿಯಿಂದ ಬಿಗಿದು, ಅಡಿಯಲ್ಲಿ ಹಳೆಯ ಟ್ಯೂಬಿನ ತುಂಡು ಇಟ್ಟಿದ್ದೇವೆ. ಬಿಚ್ಚಿದರೆ ಬಣ್ಣದ ಮೇಲೆ ಗುರುತೂ ಉಳಿಯದು.

ಮೂಲಪ್ರಿಯರ ಮಾತು ಸರಿಯಾಗಿರುವ ಕಡೆಯೂ ಇದೆ, ಹೇಳದಿದ್ದರೆ ಅನ್ಯಾಯವಾದೀತು. ಪೆಡಲ್ ತೋಳುಗಳ ಎಕ್ಸಲ್ಲು ಕೂರುವ ಗೂಡಿನ ಮರೆಯನ್ನು ರ‍್ಯಾಲಿಯವರು ತಮ್ಮದೇ ಲೆಕ್ಕದಲ್ಲಿ, ಅಂಗುಲಕ್ಕೆ ೨೬ ಸುತ್ತಿನಂತೆ ಕೊರೆದಿದ್ದರು. ಲೋಕದ ರೂಢಿ ೨೪. ಈಗಿನ ಮುಚ್ಚಿದ ಬೇರಿಂಗು ಹಾಕುವ ಆಸೆಗೆ ಬಿದ್ದು ಹೊಸ ಮರೆ ಕೊರೆಸಿ ಚೌಕಟ್ಟನ್ನು ಹಾಳು ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ನಾವು ಹಳೆಯ ಬಟ್ಟಲು, ಹಳೆಯ ಎಕ್ಸಲ್ಲನ್ನೇ ಇಟ್ಟುಕೊಂಡೆವು. ಒಂದೊಂದು ಬದಿಗೆ ಕಾಲು ಅಂಗುಲದ ಹನ್ನೊಂದು ಹೊಸ ಬಾಲ್ಸು, ಗ್ರೀಸು, ಹೊಸ ಕಾಟರ್ ಪಿನ್ನು. ಮುಗಿಯಿತು.

ಇನ್ನೊಂದು ಪಂಗಡವಿದೆ. ಅವರ ವಿಷಯ ಹೆಚ್ಚು ಬರೆದರೆ ರಕ್ತದೊತ್ತಡ ಏರುತ್ತದೆ. ಚೌಕಟ್ಟಿನ ಮೇಲಿನ ಸಣ್ಣ ಕೊಂಡಿಗಳನ್ನೆಲ್ಲ ಗ್ರೈಂಡರಿನಿಂದ ಕೊಯ್ದು, ಮರಳು ಹೊಡೆಸಿ ಮೂಲ ಬಣ್ಣವನ್ನು ಕಿತ್ತು, ಹಳದಿ ಬಳಿದು, ಹೋಟೆಲಿನ ಗೋಡೆಗೆ ತೂಗುಹಾಕುವವರು ಅವರು. ತರುಣ ಅವರನ್ನು ಬೈದ, ನಾನೂ ಬೈಯುತ್ತೇನೆ. ಆದರೆ ತುಳಿಯದೆ ಗಾಜಿನ ಕೋಣೆಯಲ್ಲಿ ನಿಲ್ಲಿಸುವವನಿಗೂ ಗೋಡೆಗೆ ತೂಗುಹಾಕುವವನಿಗೂ ಎಷ್ಟು ಅಂತರವೆಂದು ಅವನೇ ಯೋಚಿಸಲಿ.

ಸೀಟಿನ ವಿಷಯ ಒಂದಿದೆ. ಹಳೆಯ ಚರ್ಮದ ಸೀಟನ್ನು ಎಣ್ಣೆ ಹಚ್ಚಿ ಮೆತ್ತಗೆ ಮಾಡಿ ಮೊದಲು ಅದನ್ನೇ ಹಾಕಿದ್ದೆ. ಎರಡು ಮೈಲಿ ಹೋಗುವಷ್ಟರಲ್ಲಿ ಸೊಂಟ ಹಿಡಿಯಿತು. ಇಂಥ ಚರ್ಮ ವರ್ಷಗಟ್ಟಲೆ ಕೂತವನ ಮೈಯ ಆಕಾರಕ್ಕೆ ತಗ್ಗು ಬೀಳುತ್ತದೆ. ತಂದೆಯವರು ನೋವಿನ ಭುಜ ತಪ್ಪಿಸಲು ಬಲಕ್ಕೆ ವಾಲಿ ಕೂರುತ್ತಿದ್ದರು. ಸೀಟಿನ ತಗ್ಗೂ ಬಲಕ್ಕೇ ಇತ್ತು. ಅದನ್ನು ಬಿಚ್ಚಿ ನನ್ನ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಸೈಕಲ್ಲಿಗೆ ಹೊಸ ಸೀಟು ಬಂತು.

ಬಿಡಿಭಾಗಗಳು ಒಮ್ಮೆ ಚದುರಿದರೆ ಮತ್ತೆ ಕೂಡುವುದಿಲ್ಲ ಎಂಬುದು ತರುಣನ ವಾದದಲ್ಲಿ ಗಟ್ಟಿಯಾದ ಅಂಶ. ಅದಕ್ಕಾಗಿಯೇ ರಾಡ್ ಬ್ರೇಕು, ಹ್ಯಾಂಡಲ್ಲು, ತುಕ್ಕು ಹಿಡಿದ ರಿಮ್ಮು, ಹಳೆಯ ಹಬ್ಬುಗಳು ಎಲ್ಲವನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಅಟ್ಟದ ಮೇಲಿನ ಅಡಿಕೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನನ್ನ ನಂತರ ಯಾರಿಗಾದರೂ ಬೇಕಾದರೆ ಒಂದು ದಿನದಲ್ಲಿ ೧೯೫೮ರ ಸೈಕಲ್ಲನ್ನು ಮತ್ತೆ ನಿಲ್ಲಿಸಬಹುದು. ಕೇಳಿದ್ದರೆ ಅವನಿಗೂ ತೋರಿಸುತ್ತಿದ್ದೆ. ಅವನು ಕೇಳಲಿಲ್ಲ.

ರಜೆಗೆ ಬಂದಾಗ ಈಗ ಮೊಮ್ಮಗಳು ಇದೇ ಸೈಕಲ್ಲನ್ನು ತೆಗೆದುಕೊಂಡು ಹೊಳೆಯ ಕಡೆಗೆ ಹೋಗುತ್ತಾಳೆ. ಡಾಂಬರು ಬಂದಿದೆ, ಎತ್ತಿನಗಾಡಿಯ ಬದಲು ಜೀಪು ಬರುತ್ತದೆ; ಜಾರು ಅದೇ, ತಿರುವೂ ಅದೇ. ಹೊಸ ಡ್ರಮ್ ಬ್ರೇಕು ಮೊದಮೊದಲು ಮಂದವಾಗಿರುತ್ತದೆ, ಒಳಗಿನ ಪಟ್ಟಿ ಸವೆದು ಹೊಂದಿಕೊಳ್ಳಲು ಒಂದು ತಿಂಗಳಾದರೂ ಬೇಕು. ಆ ತಿಂಗಳಿಡೀ ಅವಳನ್ನು ಇಳಿಯಲು ಬಿಡದೆ ನಾನೇ ಇಳಿದು ನೋಡಿದೆ. ತರುಣ ಈ ಬರಹ ಓದಿದರೆ ಬರುವ ಆಷಾಢದಲ್ಲಿ ಬರಲಿ. ತನ್ನ ಸಂಗ್ರಹದ ಯಾವುದಾದರೂ ಅಪ್ಪಟ ಮೂಲ ಸೈಕಲ್ಲನ್ನೂ ತರಲಿ. ಇಬ್ಬರೂ ಒಟ್ಟಿಗೆ ಆ ಜಾರನ್ನು ಇಳಿಯೋಣ.

ಅಷ್ಟರೊಳಗೆ ಮುಂದಿನ ಬ್ರೇಕಿನ ಕೇಬಲ್ಲನ್ನು ತುಸು ಬಿಗಿ ಮಾಡಿಸಬೇಕು. ಶನಿವಾರ ಬರಲು ಸಾಹೇಬರು ಹೇಳಿದ್ದಾರೆ.